ದುಬಾರಿ ಆಡಿಯೋಫೈಲ್ ಡಿಸ್ಕ್‌ಗೆ ಅಷ್ಟು ದುಡ್ಡು ಕೊಡಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗೀತದ ಹುಚ್ಚು ಹಿಡಿದವರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದೇ ಬರುತ್ತಾರೆ. ಆಡಿಯೋಫೈಲ್ ಡಿಸ್ಕ್ ಅಂದರೆ ಸದ್ದಿನ ಗುಣಮಟ್ಟದ ಬಗ್ಗೆ ತಲೆಕೆಡಿಸಿಕೊಳ್ಳುವವರಿಗಾಗಿ ಮಾಡಿದ ಡಿಸ್ಕ್. ಅದೇ ಆಲ್ಬಂ, ಅವೇ ಹಾಡುಗಳು. ಆದರೆ ಬೆಲೆ ಎರಡು ಪಟ್ಟು, ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಹಲವು ವರ್ಷಗಳಿಂದ ಇಂಥ ಡಿಸ್ಕ್‌ಗಳನ್ನು ಕೊಂಡಿದ್ದೇನೆ, ಕೇಳಿದ್ದೇನೆ, ಕಂಪ್ಯೂಟರಿಗೆ ಹಾಕಿ ಒಂದರ ಪಕ್ಕ ಒಂದಿಟ್ಟು ನೋಡಿದ್ದೇನೆ. ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ನನಗೆ ತಿಳಿದ ಉತ್ತರಗಳು ಇಲ್ಲಿವೆ.

ಸುತ್ತಿ ಬಳಸಿ ಬೇಡ. ಜಾಸ್ತಿ ದುಡ್ಡು ಕೊಡಬಹುದಾ, ಬೇಡವಾ?

ಒಳ್ಳೆಯ ಮಾಸ್ಟರಿಂಗ್‌ಗೆ ಕೊಡಿ. ಒಳ್ಳೆಯ ಪ್ಲಾಸ್ಟಿಕ್‌ಗೆ ಕೊಡಬೇಡಿ. ಡಿಸ್ಕ್ ಯಾವುದರಿಂದ ಮಾಡಿದ್ದು ಅನ್ನುವುದಕ್ಕಿಂತ, ಅದರೊಳಗೆ ತುಂಬಿದ ಸದ್ದನ್ನು ಯಾರು, ಯಾವ ಟೇಪಿನಿಂದ, ಎಷ್ಟು ಎಚ್ಚರದಿಂದ ಸಿದ್ಧಪಡಿಸಿದರು ಅನ್ನುವುದೇ ಮುಖ್ಯ. ಮುಂದಿನ ಉತ್ತರಗಳೆಲ್ಲ ಒಂದು ರೀತಿಯಲ್ಲಿ ಇದೇ ಮಾತಿನ ಬೇರೆ ಬೇರೆ ಮುಖಗಳು.

ಆಡಿಯೋಫೈಲ್ ಡಿಸ್ಕ್ ಅಂದ್ರೆ ಯಾವುದು? ಹೆಸರುಗಳೇ ತಲೆ ಕೆಡಿಸುತ್ತವೆ.

ಹೆಸರು ನೂರಿದ್ದರೂ ಗುಂಪು ಮೂರೇ.

ಮೊದಲನೆಯದು, ಒಳಗಿನ ಮಾಹಿತಿ ಮಾಮೂಲಿ ಸಿಡಿಯದ್ದೇ, ತಯಾರಿಸುವ ರೀತಿ ಅಥವಾ ಸಾಮಗ್ರಿ ಮಾತ್ರ ಬೇರೆ. ಎಸ್‌ಎಚ್‌ಎಂ-ಸಿಡಿ, ಬ್ಲೂ-ಸ್ಪೆಕ್ ಸಿಡಿ, ಎಚ್‌ಕ್ಯೂಸಿಡಿ, ಯುಎಚ್‌ಕ್ಯೂಸಿಡಿ, ಚಿನ್ನದ ಸಿಡಿ ಎಲ್ಲ ಇಲ್ಲಿಗೆ ಸೇರುತ್ತವೆ. ಯಾವ ಸಿಡಿ ಪ್ಲೇಯರ್‌ನಲ್ಲಾದರೂ ಓಡುತ್ತವೆ.

ಎರಡನೆಯದು, ಸಿಡಿಗಿಂತ ಜಾಸ್ತಿ ಮಾಹಿತಿ ಹಿಡಿಯುವ ಡಿಸ್ಕ್‌ಗಳು. ಎಸ್‌ಎಸಿಡಿ, ಡಿವಿಡಿ-ಆಡಿಯೋ, ಬ್ಲೂ-ರೇ ಆಡಿಯೋ. ಇವುಗಳ ಪೂರ್ತಿ ಲಾಭ ಬೇಕಾದರೆ ಅದಕ್ಕೆ ತಕ್ಕ ಪ್ಲೇಯರ್ ಇರಲೇಬೇಕು.

ಮೂರನೆಯದು ಎಲ್‌ಪಿ. 180 ಗ್ರಾಂ ತೂಕದ್ದು, ನಿಮಿಷಕ್ಕೆ 45 ಸುತ್ತಿನ ವೇಗದ್ದು, ಅರ್ಧ ವೇಗದಲ್ಲಿ ಕೊರೆದದ್ದು ಇತ್ಯಾದಿ.

ಕೊಳ್ಳುವ ಮೊದಲು ಕೈಯಲ್ಲಿರುವುದು ಯಾವ ಗುಂಪಿನದು ಅಂತ ಗೊತ್ತುಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಮಾಮೂಲಿ ಸಿಡಿಯಲ್ಲಿ ಏನು ಕೊರತೆ?

ಹೇಳಿಕೊಳ್ಳುವಂಥ ಕೊರತೆ ಏನಿಲ್ಲ. ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಸೆಕೆಂಡಿಗೆ 44,100 ಸಲ ಸದ್ದಿನ ಮಟ್ಟವನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಡುತ್ತಾರೆ. ಇದರಿಂದ ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಸದ್ದು ಪೂರ್ತಿ ಉಳಿಯುತ್ತದೆ. ಮನುಷ್ಯರ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್. ಅದೂ ಎಳೆಯ ವಯಸ್ಸಿನಲ್ಲಿ. ನಡುವಯಸ್ಸು ದಾಟಿದ ಬಹಳ ಜನಕ್ಕೆ 15ರ ಮೇಲಿನದು ಕೇಳಿಸುವುದೇ ಇಲ್ಲ.

ಇನ್ನು ಮೆಲುದನಿ, ಜೋರುದನಿಗಳ ನಡುವಿನ ಅಂತರ. ಸಿಡಿ ಸುಮಾರು 96 ಡೆಸಿಬೆಲ್ ಅಂತರ ಹಿಡಿಯಬಲ್ಲದು. ನಾವು ಕೂತು ಕೇಳುವ ಕೋಣೆಯಲ್ಲಿ ಫ್ಯಾನು, ಗಾಳಿ, ಹೊರಗಿನ ಸದ್ದು ಎಲ್ಲ ಸೇರಿ 30 ಡೆಸಿಬೆಲ್ ಇದ್ದೇ ಇರುತ್ತದೆ. ಅದರ ಮೇಲೆ 96 ಸೇರಿಸಿದರೆ ಕಿವಿ ನೋಯುವ ಮಟ್ಟ. ಅಂದರೆ ಮನೆಯಲ್ಲಿ ಕೇಳುವುದಕ್ಕೆ ಸಿಡಿಯ ಪಾತ್ರೆ ಸಾಕಷ್ಟು ದೊಡ್ಡದು. ಪಾತ್ರೆಯೊಳಗೆ ಏನು ಹಾಕಿದರು ಅನ್ನುವುದರಲ್ಲೇ ಎಡವಟ್ಟಾಗುವುದು.

ಎಸ್‌ಎಚ್‌ಎಂ-ಸಿಡಿ, ಬ್ಲೂ-ಸ್ಪೆಕ್ ಸಿಡಿಗಳಲ್ಲಿ ಪ್ಲಾಸ್ಟಿಕ್ ಚೆನ್ನಾಗಿದೆಯಂತೆ. ಸದ್ದೂ ಚೆನ್ನಾಗಿರಬೇಕಲ್ವಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎಸ್‌ಎಚ್‌ಎಂ ಅಂದರೆ ಸೂಪರ್ ಹೈ ಮೆಟೀರಿಯಲ್. ಜಪಾನಿನ ಯೂನಿವರ್ಸಲ್ ಮ್ಯೂಸಿಕ್ ಮತ್ತು ಜೆವಿಸಿ ಸೇರಿ ತಂದದ್ದು. ಎಲ್‌ಸಿಡಿ ಪರದೆಗಳಿಗೆ ಬಳಸುವಂಥ, ಹೆಚ್ಚು ತಿಳಿಯಾದ ಪಾಲಿಕಾರ್ಬೊನೇಟ್‌ನಿಂದ ಇದನ್ನು ಮಾಡುತ್ತಾರೆ. ಸೋನಿಯವರ ಬ್ಲೂ-ಸ್ಪೆಕ್ ಸಿಡಿ 2008ರಲ್ಲಿ ಬಂತು. ಅದರಲ್ಲಿ ಅಚ್ಚು ಕೊರೆಯುವುದಕ್ಕೆ ನೀಲಿ ಲೇಸರ್ ಬಳಸುತ್ತಾರೆ, ಮಾಹಿತಿ ಹಿಡಿದಿಡುವ ಸಣ್ಣ ಗುಳಿಗಳ ಅಂಚು ಹೆಚ್ಚು ಚೊಕ್ಕವಾಗಿ ಬರುತ್ತದೆ. ಇದೆಲ್ಲ ನಿಜವೇ. ಸುಳ್ಳೇನೂ ಹೇಳುತ್ತಿಲ್ಲ.

ಆದರೆ ಸಿಡಿ ಎಲ್‌ಪಿಯ ಹಾಗಲ್ಲ. ಎಲ್‌ಪಿಯಲ್ಲಿ ಗೆರೆಯ ಆಕಾರವೇ ಸದ್ದು. ಗೆರೆ ಕೆಟ್ಟರೆ ಸದ್ದೂ ಕೆಡುತ್ತದೆ. ಸಿಡಿಯಲ್ಲಿರುವುದು ಬರೀ ಸೊನ್ನೆ ಮತ್ತು ಒಂದು. ಅಚ್ಚಾದ ಪುಸ್ತಕದಲ್ಲಿ ಒಂದು ಅಕ್ಷರ ಸ್ವಲ್ಪ ಮಸುಕಾಗಿದ್ದರೂ ಓದಿದವರಿಗೆ ಅದೇ ಪದ ಸಿಗುತ್ತದೆ ಅಲ್ವಾ, ಹಾಗೆ. ಅದರ ಜೊತೆಗೆ ತಪ್ಪು ತಿದ್ದಿಕೊಳ್ಳುವ ಏರ್ಪಾಡೂ ಡಿಸ್ಕ್‌ನಲ್ಲೇ ಇದೆ. ಮಾಹಿತಿಯನ್ನು ಚದುರಿಸಿ, ಜೊತೆಗೆ ಹೆಚ್ಚುವರಿ ಲೆಕ್ಕದ ಅಂಕಿಗಳನ್ನು ಸೇರಿಸಿ ಬರೆದಿರುತ್ತಾರೆ. ಸುಮಾರು 2.5 ಮಿಲಿಮೀಟರ್ ಉದ್ದದಷ್ಟು ಮಾಹಿತಿ ಒಟ್ಟಿಗೇ ಓದಲು ಬಾರದೆ ಹೋದರೂ ಪ್ಲೇಯರ್ ಅದನ್ನು ಲೆಕ್ಕ ಹಾಕಿ ಪೂರ್ತಿ ವಾಪಸ್ ಪಡೆಯುತ್ತದೆ. ಅಂದಾಜಿನಿಂದ ತುಂಬುವುದಲ್ಲ, ಇದ್ದದ್ದು ಇದ್ದ ಹಾಗೇ ಸಿಗುತ್ತದೆ.

ನಾನು ಇದನ್ನು ಕೈಯಾರೆ ಮಾಡಿ ನೋಡಿದೆ. ಗೆಳೆಯನ ಹತ್ತಿರ ಒಂದು ಪಿಯಾನೋ ಆಲ್ಬಂನ ಮಾಮೂಲಿ ಸಿಡಿ ಇತ್ತು. ನನ್ನ ಹತ್ತಿರ ಅದೇ ಮಾಸ್ಟರ್‌ನಿಂದ, ಅಂದರೆ ಅಚ್ಚು ಹಾಕಲು ಸಿದ್ಧಪಡಿಸಿದ ಅದೇ ಕೊನೆಯ ಪ್ರತಿಯಿಂದ, ಬಂದ ಎಸ್‌ಎಚ್‌ಎಂ-ಸಿಡಿ. ಎರಡನ್ನೂ ಕಂಪ್ಯೂಟರಿಗೆ ರಿಪ್ ಮಾಡಿದೆ, ಅಂದರೆ ಡಿಸ್ಕ್‌ನಿಂದ ನಕಲು ಮಾಡಿಕೊಂಡೆ. ಆಡಾಸಿಟಿ ತಂತ್ರಾಂಶದಲ್ಲಿ ಒಂದರ ಕೆಳಗೆ ಇನ್ನೊಂದನ್ನು ಇಟ್ಟೆ. ಶುರುವಾಗುವ ಜಾಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇತ್ತು. ಬೇರೆ ಬೇರೆ ಅಚ್ಚಿನ ಡಿಸ್ಕ್‌ಗಳಲ್ಲಿ ಅದು ಮಾಮೂಲಿ. ಸರಿಸಿ ಹೊಂದಿಸಿದೆ. ಆಮೇಲೆ ಒಂದರ ಸದ್ದಿನ ಅಲೆಯನ್ನು ತಲೆಕೆಳಗು ಮಾಡಿ ಎರಡನ್ನೂ ಕೂಡಿಸಿದೆ. ಎರಡರಲ್ಲೂ ಒಂದೇ ಸದ್ದಿದ್ದರೆ ಒಂದನ್ನೊಂದು ಅಳಿಸಿಹಾಕಬೇಕು, ಬೇರೆ ಇದ್ದರೆ ಆ ಬೇರೆ ಇರುವುದಷ್ಟೇ ಉಳಿಯಬೇಕು. ಪರದೆಯ ಮೇಲೆ ಉಳಿದದ್ದು ಒಂದು ನೇರ ಗೆರೆ. ಎಡದಿಂದ ಬಲದವರೆಗೆ, ಐವತ್ತು ನಿಮಿಷವೂ ಸೊನ್ನೆ. ವಾಲ್ಯೂಮ್ ಪೂರ್ತಿ ಏರಿಸಿ ಹೆಡ್‌ಫೋನ್ ಹಾಕಿ ಕೂತೆ. ಏನೂ ಇಲ್ಲ.

ಆ ಗೆರೆ ನೋಡಿದ ಮೇಲೆ ಬರೀ ಸಾಮಗ್ರಿಗಾಗಿ ದುಡ್ಡು ಕೊಡುವುದನ್ನು ಬಿಟ್ಟೆ.

ಆದರೆ ನನಗೆ ವ್ಯತ್ಯಾಸ ಕೇಳಿಸಿತು. ನಾನು ಸುಳ್ಳು ಹೇಳುತ್ತಿದ್ದೇನಾ?

ಖಂಡಿತ ಇಲ್ಲ. ಎರಡು ಕಾರಣ ಇರಬಹುದು.

ಒಂದು, ಎರಡು ಡಿಸ್ಕ್‌ಗಳ ಮಾಸ್ಟರ್ ಬೇರೆ ಇರಬಹುದು. ಹಳೆ ಸಿಡಿ 1980ರ ದಶಕದ್ದು, ಹೊಸ ಎಸ್‌ಎಚ್‌ಎಂ-ಸಿಡಿ ಹೊಸ ರಿಮಾಸ್ಟರ್‌ನಿಂದ ಮಾಡಿದ್ದು ಅಂತಿಟ್ಟುಕೊಳ್ಳಿ. ಆಗ ವ್ಯತ್ಯಾಸ ನಿಜವಾಗಿಯೂ ಇದೆ, ಯಾರಿಗಾದರೂ ಕೇಳಿಸುತ್ತದೆ. ಆದರೆ ಅದು ಪ್ಲಾಸ್ಟಿಕ್ಕಿನಿಂದ ಬಂದದ್ದಲ್ಲ.

ಎರಡು, ನಾವು ಕಿವಿಯಿಂದ ಮಾತ್ರ ಕೇಳುವುದಿಲ್ಲ. ಕೊಟ್ಟ ಬೆಲೆ, ಕವರಿನ ಅಂದ, ಮನಸ್ಸಿನ ನಿರೀಕ್ಷೆ ಎಲ್ಲವೂ ಕೇಳುವುದರಲ್ಲಿ ಸೇರಿಕೊಳ್ಳುತ್ತವೆ. ಇದು ಯಾರ ದೌರ್ಬಲ್ಯವೂ ಅಲ್ಲ, ಎಲ್ಲರ ಮಿದುಳೂ ಹಾಗೇ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಸ್ಟುಡಿಯೋದಲ್ಲಿ ಕೂತವರಿಗೂ ಹೀಗಾಗುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಕಿವಿಯ ವಿಷಯದಲ್ಲಿ ಆ ಮಾತು ಇನ್ನೂ ಹೆಚ್ಚು ಸತ್ಯ.

ಚಿನ್ನದ ಸಿಡಿ?

ಲೇಸರ್ ಕಿರಣವನ್ನು ವಾಪಸ್ ಕಳಿಸುವ ತೆಳು ಪದರ ಸಾಮಾನ್ಯವಾಗಿ ಅಲ್ಯೂಮಿನಿಯಂನದ್ದು. ಇಲ್ಲಿ ಅದರ ಬದಲು ಚಿನ್ನ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಡಿಸ್ಕ್ ಜಾಸ್ತಿ ವರ್ಷ ಬಾಳುತ್ತದೆ ಅನ್ನುವುದು ಇದರ ಹಿಂದಿನ ಯೋಚನೆ. ಬಾಳಿಕೆಯ ಮಾತು ಒಪ್ಪಬಹುದು. ಸದ್ದಿಗೂ ಚಿನ್ನಕ್ಕೂ ಸಂಬಂಧ ಇಲ್ಲ.

ಆದರೂ 1980ರ ದಶಕದ ಕೊನೆಯಿಂದ 90ರ ದಶಕದವರೆಗೆ ಮೊಬೈಲ್ ಫಿಡೆಲಿಟಿ, ಡಿಸಿಸಿಯಂಥ ಕಂಪನಿಗಳು ತಂದ ಕೆಲವು ಚಿನ್ನದ ಸಿಡಿಗಳಿಗೆ ಇವತ್ತಿಗೂ ಬೇಡಿಕೆ ಇದೆ. ಯಾಕೆಂದರೆ ಅವರು ಮೂಲ ಟೇಪು ಹುಡುಕಿ, ತಾಳ್ಮೆಯಿಂದ ಮಾಸ್ಟರಿಂಗ್ ಮಾಡಿಸಿದ್ದರು. ಹೆಸರು ಬಂದದ್ದು ಚಿನ್ನಕ್ಕೆ, ಕೆಲಸ ಮಾಡಿದ್ದು ಎಂಜಿನಿಯರ್.

ಮಾಸ್ಟರಿಂಗ್, ಮಾಸ್ಟರಿಂಗ್ ಅಂತೀರಲ್ಲ, ಏನದು?

ಹಾಡು ಸ್ಟುಡಿಯೋದಲ್ಲಿ ಮುದ್ರಣವಾಗಿ, ದನಿ, ವಾದ್ಯ ಎಲ್ಲ ಹದವಾಗಿ ಬೆರೆತ ಮೇಲೆ, ಡಿಸ್ಕ್‌ಗೆ ಹೋಗುವ ಮೊದಲಿನ ಕೊನೆಯ ಕೆಲಸ ಅದು. ಯಾವ ಸ್ವರ ಸ್ವಲ್ಪ ಮುಂದೆ ಬರಬೇಕು, ತಗ್ಗುದನಿ ಎಷ್ಟಿರಬೇಕು, ಹಾಡಿನಿಂದ ಹಾಡಿಗೆ ಮಟ್ಟ ಹೇಗೆ ಹೊಂದಬೇಕು ಅಂತ ತೀರ್ಮಾನ ಆಗುವುದು ಇಲ್ಲಿ. ಹಳೆಯ ಮುದ್ರಣವಾದರೆ ಯಾವ ಟೇಪು ಹಿಡಿದರು ಅನ್ನುವುದೂ ಇಲ್ಲೇ ಬರುತ್ತದೆ. ಸ್ಟುಡಿಯೋದ ಮೊದಲ ಟೇಪಾ, ಅದರ ನಕಲಾ, ನಕಲಿನ ನಕಲಾ? ಪ್ರತಿ ನಕಲಿನಲ್ಲೂ ಸ್ವಲ್ಪ ಗೊರಗೊರ ಸೇರುತ್ತದೆ, ಸ್ವಲ್ಪ ಹೊಳಪು ಹೋಗುತ್ತದೆ.

1990ರ ದಶಕದಿಂದ ಮಾಸ್ಟರಿಂಗ್‌ನಲ್ಲಿ ಒಂದು ಕೆಟ್ಟ ಚಾಳಿ ಬೆಳೆಯಿತು. ಸದ್ದು ಮಿತಿ ದಾಟದ ಹಾಗೆ ಒತ್ತಿಹಿಡಿಯುವ ಡಿಜಿಟಲ್ ಲಿಮಿಟರ್‌ಗಳು ಕೈಗೆ ಸಿಕ್ಕ ಮೇಲೆ ಪಕ್ಕದವರ ಹಾಡಿಗಿಂತ ನಮ್ಮ ಹಾಡು ಜೋರಾಗಿ ಕೇಳಿಸಬೇಕು ಅನ್ನುವ ಪೈಪೋಟಿ ಶುರುವಾಯಿತು. ಡಿಜಿಟಲ್ ಸದ್ದಿಗೆ ಒಂದು ಮೇಲ್ಮಿತಿ ಇದೆ, ಅದನ್ನು ದಾಟುವಂತಿಲ್ಲ. ಆದ್ದರಿಂದ ಮೆಲುದನಿಯನ್ನು ಎತ್ತಿ ಎತ್ತಿ ಜೋರುದನಿಯ ಪಕ್ಕ ತಂದು ನಿಲ್ಲಿಸಿದರು. ಹೀಗೆ ಮಾಡಿದ ಹಾಡನ್ನು ಪರದೆಯ ಮೇಲೆ ನೋಡಿದರೆ ಬೆಟ್ಟ ಕಣಿವೆ ಏನೂ ಕಾಣುವುದಿಲ್ಲ, ಇಟ್ಟಿಗೆಯ ಹಾಗೆ ಚಪ್ಪಟೆ. ಡ್ರಮ್ಮಿನ ಏಟು ಎದೆಗೆ ತಾಗುವುದಿಲ್ಲ. ಹತ್ತು ನಿಮಿಷ ಕೇಳುವಷ್ಟರಲ್ಲಿ ಕಿವಿ ಸೋಲುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಉದಾಹರಣೆ ಮೆಟಾಲಿಕಾ ತಂಡದ 2008ರ ಆಲ್ಬಂ ಡೆತ್ ಮ್ಯಾಗ್ನೆಟಿಕ್. ಅದರ ಸಿಡಿಯಲ್ಲಿ ಸದ್ದು ಎಷ್ಟು ಒತ್ತಿಹೋಗಿತ್ತೆಂದರೆ ಜೋರಿನ ಕಡೆಗಳಲ್ಲಿ ದನಿಯೇ ಒಡೆಯುತ್ತಿತ್ತು. ಗಿಟಾರ್ ಹೀರೋ ಅನ್ನುವ ವಿಡಿಯೋ ಗೇಮ್‌ಗೆ ಕೊಟ್ಟ ಅವೇ ಹಾಡುಗಳಲ್ಲಿ ಅಷ್ಟು ಒತ್ತಡ ಇರಲಿಲ್ಲ. ಅಭಿಮಾನಿಗಳು ಎರಡನ್ನೂ ಹೋಲಿಸಿ, ಆಟದೊಳಗಿನ ಹಾಡೇ ಚೆನ್ನಾಗಿದೆ ಅಂತ ದೂರು ಎತ್ತಿದರು. ಆ ಸಿಡಿಯನ್ನು ಜಗತ್ತಿನ ಅತಿ ದುಬಾರಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ್ದರೂ ಒಡೆದ ದನಿ ಒಡೆದೇ ಇರುತ್ತಿತ್ತು.

ಇದಕ್ಕೆ ವಿರುದ್ಧದ ಅನುಭವವೂ ಇದೆ, ಅದನ್ನೂ ಹೇಳಲೇಬೇಕು. ಒಬ್ಬ ಗಾಯಕಿಯ ಹಳೆಯ ಮುದ್ರಣವೊಂದು ನನ್ನ ಹತ್ತಿರ ಎರಡು ಬಗೆಯಲ್ಲಿದೆ. ಅಗ್ಗದ ಸಿಡಿಯಲ್ಲಿ ಟೇಪಿನ ಸುಯ್ ಅನ್ನುವ ಸದ್ದನ್ನು ತೆಗೆದುಹಾಕಿದ್ದಾರೆ. ಕೇಳಲು ಚೊಕ್ಕಟ. ದುಬಾರಿ ಡಿಸ್ಕ್‌ನಲ್ಲಿ ಆ ಸುಯ್ ಹಾಗೇ ಇದೆ. ಆದರೆ ಅದರಲ್ಲಿ ಮೂರನೆಯ ಹಾಡಿನ ಮೊದಲ ಸಾಲಿಗಿಂತ ಮುಂಚೆ ಆಕೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ತುಟಿ ಬಿಡಿಸುವ ಸಣ್ಣ ಸದ್ದು ಕೇಳಿಸುತ್ತದೆ. ಸಾಲು ಮುಗಿದ ಮೇಲೆ ದನಿ ಕೋಣೆಯ ಗೋಡೆಗೆ ತಾಗಿ ನಿಧಾನಕ್ಕೆ ಆರುತ್ತದೆ. ಅಗ್ಗದ್ದರಲ್ಲಿ ಸುಯ್ ತೆಗೆಯಲು ಹೋಗಿ ಆ ಕೋಣೆಯನ್ನೂ ತೆಗೆದುಬಿಟ್ಟಿದ್ದರು. ಆ ಡಿಸ್ಕ್‌ಗೆ ಕೊಟ್ಟ ದುಡ್ಡಿಗೆ ನನಗೆ ಒಂದು ದಿನವೂ ಬೇಸರ ಆಗಿಲ್ಲ.

ಹಾಗಾದ್ರೆ ರಿಮಾಸ್ಟರ್ ಅಂತ ಬರೆದಿದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದಾ?

ಬೇಡ. ರಿಮಾಸ್ಟರ್ ಅಂದರೆ ಮತ್ತೊಮ್ಮೆ ಮಾಡಿದ್ದು ಅಂತ ಅಷ್ಟೇ, ಉತ್ತಮ ಮಾಡಿದ್ದು ಅಂತಲ್ಲ. ಎಷ್ಟೋ ರಿಮಾಸ್ಟರ್‌ಗಳು ಹಳೆಯದಕ್ಕಿಂತ ಜೋರಾಗಿವೆ, ಅಷ್ಟೇ. ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಗುವ ಮೊದಲ ಅಚ್ಚಿನ ಸಿಡಿಯೇ ಚೆನ್ನಾಗಿರುವ ಆಲ್ಬಂಗಳು ಬೇಕಾದಷ್ಟಿವೆ. ಹಾಗಂತ ಹಳೆಯದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಸಿಡಿ ಹೊಸದಾಗಿ ಬಂದ ಕಾಲದಲ್ಲಿ ಎಲ್‌ಪಿ ಕೊರೆಯಲು ಸಿದ್ಧಪಡಿಸಿದ್ದ ನಕಲು ಟೇಪನ್ನೇ ಅವಸರದಲ್ಲಿ ಸಿಡಿಗೆ ಹಾಕಿದ್ದೂ ಉಂಟು.

ಎಸ್‌ಎಸಿಡಿ ಬೇರೆಯೇ ಮಟ್ಟದ್ದು ಅಂತಾರೆ, ನಿಜವಾ?

ತಾಂತ್ರಿಕವಾಗಿ ಬೇರೆಯೇ. 1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ತಂದದ್ದು. ಸಿಡಿಯ ಹಾಗೆ 16 ಬಿಟ್ಟಿನ ಅಳತೆಗಳಲ್ಲ, ಒಂದೇ ಬಿಟ್ಟು. ಆದರೆ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ, ಸಿಡಿಯ 64 ಪಟ್ಟು ವೇಗದಲ್ಲಿ. ಇದಕ್ಕೆ ಡಿಎಸ್‌ಡಿ ಅಂತ ಹೆಸರು. ಐದು ಸ್ಪೀಕರ್‌ಗಳ ಸರೌಂಡ್ ಸದ್ದನ್ನೂ ಇದರಲ್ಲಿ ಇಡಬಹುದು.

ಹೈಬ್ರಿಡ್ ಅಂತ ಬರೆದಿದ್ದರೆ ಅದರಲ್ಲಿ ಎರಡು ಪದರ ಇರುತ್ತದೆ. ಮಾಮೂಲಿ ಪ್ಲೇಯರ್‌ಗೆ ಹಾಕಿದರೆ ಸಿಡಿ ಪದರ ಮಾತ್ರ ಓದುತ್ತದೆ. ಎಸ್‌ಎಸಿಡಿ ಪ್ಲೇಯರ್ ಇಲ್ಲದೆ ಈ ಡಿಸ್ಕ್ ಕೊಂಡವರು ಕೇಳುತ್ತಿರುವುದು ಬರೀ ಸಿಡಿ. ಕಂಪ್ಯೂಟರಿನ ಡ್ರೈವ್ ಕೂಡ ಎಸ್‌ಎಸಿಡಿ ಪದರವನ್ನು ಓದುವುದಿಲ್ಲ. ಇದು ಗೊತ್ತಿಲ್ಲದೆ ಕೊಂಡವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಜಾಸ್ತಿ ಬಿಟ್, ಜಾಸ್ತಿ ವೇಗ. ಇದು ಕಿವಿಗೆ ಗೊತ್ತಾಗುತ್ತದಾ?

ಇದನ್ನು ಸರಿಯಾಗಿ ಪರೀಕ್ಷಿಸಿದವರಿದ್ದಾರೆ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಸ್‌ಎಸಿಡಿ, ಡಿವಿಡಿ-ಆಡಿಯೋಗಳಿಂದ ಬರುವ ಸದ್ದನ್ನು ಒಮ್ಮೆ ನೇರವಾಗಿ ಕೇಳಿಸಿದರು, ಒಮ್ಮೆ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿ ಕೇಳಿಸಿದರು. ಯಾವುದು ಯಾವಾಗ ಅಂತ ಕೇಳುವವರಿಗೆ ಗೊತ್ತಿರಲಿಲ್ಲ. 554 ಸಲ ಪರೀಕ್ಷೆಯಾಯಿತು. ಸರಿಯಾಗಿ ಹೇಳಿದ್ದು 276 ಸಲ. ಅಂದರೆ ನಾಣ್ಯ ಚಿಮ್ಮಿ ಹೇಳಿದ್ದರೂ ಇಷ್ಟೇ ಬರುತ್ತಿತ್ತು.

ಆ ಅಧ್ಯಯನದಲ್ಲಿ ನನಗೆ ಇನ್ನೂ ಮುಖ್ಯ ಅನ್ನಿಸಿದ್ದು ಬೇರೆ ಮಾತು. ಆ ದುಬಾರಿ ಡಿಸ್ಕ್‌ಗಳಲ್ಲಿ ಬಹಳಷ್ಟು ನಿಜಕ್ಕೂ ಚೆನ್ನಾಗಿಯೇ ಕೇಳಿಸುತ್ತವೆ ಅಂತ ಅವರೇ ಬರೆದರು. ಕಾರಣ ಬಿಟ್ಟುಗಳಲ್ಲ, ಅವನ್ನು ಹೆಚ್ಚು ಎಚ್ಚರದಿಂದ ತಯಾರಿಸಿದ್ದು.

2016ರಲ್ಲಿ ಜೋಶುವಾ ರೀಸ್ ಅನ್ನುವ ಸಂಶೋಧಕರು ಇಂಥ 18 ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. 12,000ಕ್ಕೂ ಹೆಚ್ಚು ಪರೀಕ್ಷೆಗಳು. ಸರಿಯಾದ ಉತ್ತರ ಬಂದದ್ದು ನೂರಕ್ಕೆ ಸುಮಾರು 52. ತರಬೇತಿ ಪಡೆದ ಕಿವಿಗಳಲ್ಲಿ ಇದು ಇನ್ನೂ ಹೆಚ್ಚಿತ್ತು. ಅಂದರೆ ವ್ಯತ್ಯಾಸ ಪೂರ್ತಿ ಸೊನ್ನೆ ಅಂತ ಹೇಳುವಂತಿಲ್ಲ, ಆದರೆ ಬಹಳ ಸಣ್ಣದು. ಮಾಸ್ಟರಿಂಗ್ ಬದಲಾದರೆ ಮಗುವಿಗೂ ಗೊತ್ತಾಗುತ್ತದೆ. ಎರಡನ್ನೂ ತಕ್ಕಡಿಯಲ್ಲಿಟ್ಟರೆ ನನ್ನ ದುಡ್ಡು ಯಾವ ಕಡೆಗೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಹೈಬ್ರಿಡ್ ಡಿಸ್ಕ್‌ನಲ್ಲಿ ಎರಡೂ ಪದರ ಕೇಳಿದೆ. ಎಸ್‌ಎಸಿಡಿ ಪದರ ಸ್ಪಷ್ಟವಾಗಿ ಮೇಲು!

ಇರಬಹುದು. ಕೆಲವು ಡಿಸ್ಕ್‌ಗಳಲ್ಲಿ ಎರಡು ಪದರಕ್ಕೂ ಬೇರೆ ಬೇರೆ ಮಾಸ್ಟರಿಂಗ್ ಮಾಡಿರುತ್ತಾರೆ. ಸದ್ದಿನ ಮಟ್ಟವೂ ಎರಡರಲ್ಲಿ ಒಂದೇ ಇರುವುದಿಲ್ಲ. ಹಾಗಾಗಿ ಸುಮ್ನೆ ಗುಂಡಿ ಒತ್ತಿ ಹೋಲಿಸಿದರೆ ಏನೂ ಸಾಬೀತಾಗುವುದಿಲ್ಲ. ಆದರೂ ಎಸ್‌ಎಸಿಡಿ ಪದರದ ಮಾಸ್ಟರಿಂಗ್ ಚೆನ್ನಾಗಿದ್ದು, ಅದು ಬೇರೆಲ್ಲೂ ಸಿಗದಿದ್ದರೆ ಕೊಳ್ಳುವುದಕ್ಕೆ ಅದೇ ಒಳ್ಳೆಯ ಕಾರಣ.

ಸರೌಂಡ್‌ಗಾಗಿ ಕೊಳ್ಳಬಹುದಾ?

ಮನೆಯಲ್ಲಿ ಐದು ಸ್ಪೀಕರ್ ಸರಿಯಾಗಿ ಕೂತಿದ್ದರೆ ಕೊಳ್ಳಿ. ಇಲ್ಲಿ ವ್ಯತ್ಯಾಸ ಇದೆಯಾ ಇಲ್ಲವಾ ಅನ್ನುವ ಚರ್ಚೆಯೇ ಬೇಡ. ಎರಡು ಸ್ಪೀಕರ್ ಕೊಡಲಾರದ್ದನ್ನು ಇದು ಕೊಡುತ್ತದೆ. ವಾದ್ಯವೃಂದದ ನಡುವೆ ಕೂತ ಹಾಗೆ, ಸಭಾಂಗಣದ ಹಿಂಗೋಡೆಯಿಂದ ದನಿ ವಾಪಸ್ ಬರುವುದು ಗೊತ್ತಾಗುತ್ತದೆ. ಡಿವಿಡಿ-ಆಡಿಯೋ ಈಗ ಹೆಚ್ಚುಕಡಿಮೆ ನಿಂತುಹೋಗಿದೆ. ಹೊಸದಾಗಿ ಶುರು ಮಾಡುವವರಿಗೆ ಬ್ಲೂ-ರೇ ಆಡಿಯೋ ಸುಲಭ, ಮನೆಯಲ್ಲಿರುವ ಸಿನಿಮಾ ನೋಡುವ ಬ್ಲೂ-ರೇ ಪ್ಲೇಯರ್‌ನಲ್ಲೇ ಓಡುತ್ತದೆ.

ಎಚ್‌ಡಿಸಿಡಿ, ಎಕ್ಸ್‌ಆರ್‌ಸಿಡಿ, ಎಂಕ್ಯೂಎ-ಸಿಡಿ?

ಎಚ್‌ಡಿಸಿಡಿ, ಎಂಕ್ಯೂಎ ಎರಡರಲ್ಲೂ ಸಿಡಿಯೊಳಗೇ ಹೆಚ್ಚುವರಿ ಮಾಹಿತಿ ಅಡಗಿಸಿರುತ್ತಾರೆ, ಅದನ್ನು ಬಿಡಿಸಿ ಓದುವ ಉಪಕರಣ ಬೇಕು. ಅದಕ್ಕಾಗಿಯೇ ದುಡ್ಡು ಹಾಕಬೇಡಿ. ಎಕ್ಸ್‌ಆರ್‌ಸಿಡಿ ಜೆವಿಸಿಯವರದು. ಕೊನೆಗೆ ಸಿಗುವುದು ಮಾಮೂಲಿ ಸಿಡಿಯೇ, ಆದರೆ ಟೇಪಿನಿಂದ ಅಚ್ಚಿನವರೆಗೆ ಪ್ರತಿ ಹಂತದಲ್ಲೂ ಬಹಳ ಎಚ್ಚರ ವಹಿಸುತ್ತಾರೆ. ಹೆಸರು ನೋಡಿ ನಾನು ನಂಬುವ ಕೆಲವೇ ಡಿಸ್ಕ್‌ಗಳಲ್ಲಿ ಇದೂ ಒಂದು.

180 ಗ್ರಾಂ ಎಲ್‌ಪಿ ನಿಜಕ್ಕೂ ಮೇಲಾ?

ತೂಕದಿಂದ ಸದ್ದು ಬದಲಾಗುವುದಿಲ್ಲ. ಗೆರೆಯ ಆಳ ಹಗುರ ಎಲ್‌ಪಿಯಲ್ಲೂ ಅಷ್ಟೇ, ಭಾರದ್ದರಲ್ಲೂ ಅಷ್ಟೇ. ಕೈಯಲ್ಲಿ ಹಿಡಿದರೆ ಗಟ್ಟಿಮುಟ್ಟಾಗಿ ಅನ್ನಿಸುತ್ತದೆ, ಅದು ಬೇರೆ ಸಂತೋಷ. 45 ವೇಗ ಮಾತ್ರ ನಿಜವಾದ ಲಾಭ. ಅದೇ ಸದ್ದನ್ನು ಹೆಚ್ಚು ಉದ್ದದ ಗೆರೆಯಲ್ಲಿ ಹರಡಿ ಕೊರೆಯಬಹುದು, ಒಳಸುತ್ತುಗಳಲ್ಲಿ ಏರುದನಿ ಒರಟಾಗುವುದು ಕಡಿಮೆ. ಪಕ್ಕ ಬದಲಿಸಲು ಪದೇ ಪದೇ ಏಳಬೇಕಾಗುತ್ತದೆ, ಅಷ್ಟೇ.

ಎಲ್‌ಪಿ ಪ್ರಿಯರು 2022ರ ಸಂಗತಿಯೊಂದನ್ನು ತಿಳಿದಿರಬೇಕು. ಮೊಬೈಲ್ ಫಿಡೆಲಿಟಿ ಕಂಪನಿಯ ಎಲ್‌ಪಿಗಳು ಟೇಪಿನಿಂದ ನೇರವಾಗಿ, ಎಲ್ಲೂ ಡಿಜಿಟಲ್ ಸೋಂಕಿಲ್ಲದೆ ಬರುತ್ತವೆ ಅಂತ ಬಹಳ ಜನ ನಂಬಿದ್ದರು. ಅದಕ್ಕೇ ಅಷ್ಟು ಬೆಲೆ ಕೊಡುತ್ತಿದ್ದರು. ನಡುವೆ ಡಿಎಸ್‌ಡಿ ಹಂತ ಇದೆ, ಅದೂ ವರ್ಷಗಳಿಂದ ಇದೆ ಅಂತ ಆ ವರ್ಷ ಹೊರಬಂತು. ವಿಷಯ ಕೋರ್ಟಿಗೆ ಹೋಗಿ, ಕೊಂಡವರಿಗೆ ಪರಿಹಾರ ಕೊಡುವ ರಾಜಿಯಲ್ಲಿ ಮುಗಿಯಿತು. ಕೊಂಡವರಿಗೆ ನಿಜ ಹೇಳದೆ ಇದ್ದದ್ದು ತಪ್ಪೇ. ಆದರೆ ಇನ್ನೊಂದು ಮಾತೂ ಇದೆ. ಅಷ್ಟು ವರ್ಷ ಅವನ್ನು ಕೇಳಿ ಪೂರ್ತಿ ಅನಲಾಗ್ ಸದ್ದು ಅಂತ ಮೆಚ್ಚಿದ ಅನುಭವಿ ಕಿವಿಗಳಿಗೆ ನಡುವಿನ ಡಿಜಿಟಲ್ ಹಂತ ಗೊತ್ತಾಗಿರಲಿಲ್ಲ. ಅವರು ಮೆಚ್ಚಿದ್ದು ಚೆನ್ನಾಗಿ ಮಾಡಿದ ಕೆಲಸವನ್ನು.

ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ?

ಸಿಡಿಯಾದರೆ ಸುಲಭ. ಎಗ್ಸಾಕ್ಟ್ ಆಡಿಯೋ ಕಾಪಿಯಂಥ ತಂತ್ರಾಂಶದಿಂದ ಎರಡನ್ನೂ ರಿಪ್ ಮಾಡಿ. ಮೇಲೆ ಹೇಳಿದ ಹಾಗೆ ತಲೆಕೆಳಗು ಮಾಡಿ ಕೂಡಿಸಿ. ನೇರ ಗೆರೆ ಬಂದರೆ ಅಲ್ಲಿಗೆ ಮುಗಿಯಿತು.

ಗೆರೆ ನೇರ ಬರದಿದ್ದರೆ ಕಿವಿಗೆ ಕೆಲಸ. ಇಲ್ಲಿ ಒಂದು ಎಚ್ಚರ ತಪ್ಪಿದರೂ ಪರೀಕ್ಷೆ ಹಾಳು. ಎರಡರ ಸದ್ದಿನ ಮಟ್ಟ ಒಂದೇ ಇರಬೇಕು. ಅರ್ಧ ಡೆಸಿಬೆಲ್ ಹೆಚ್ಚಿದ್ದರೆ ಅದು ಜೋರಾಗಿದೆ ಅಂತ ಅನ್ನಿಸುವುದಿಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಕಿವಿ ಅಲ್ಲೇ ಮೋಸ ಹೋಗುವುದು. ಆದ್ದರಿಂದ ಮಟ್ಟವನ್ನು ಅಂದಾಜಿನಲ್ಲಲ್ಲ, ತಂತ್ರಾಂಶದಲ್ಲಿ ಅಳೆದು ಹೊಂದಿಸಿ. ಆಮೇಲೆ ಫೂಬಾರ್ 2000 ಅನ್ನುವ ಹಾಡು ಕೇಳುವ ತಂತ್ರಾಂಶದಲ್ಲಿ ಎಬಿಎಕ್ಸ್ ಅನ್ನುವ ಸೌಲಭ್ಯ ಹಾಕಿಕೊಂಡು, ಹೆಸರು ಕಾಣದ ಹಾಗೆ ಹದಿನಾರು ಸಲ ಕೇಳಿ. ಕೇಳಿದ್ದು ಯಾವ ಡಿಸ್ಕಿನದು ಅಂತ ಹನ್ನೆರಡು ಅಥವಾ ಅದಕ್ಕೂ ಹೆಚ್ಚು ಸಲ ಸರಿಯಾಗಿ ಹೇಳಿದರೆ ವ್ಯತ್ಯಾಸ ನಿಮಗೆ ನಿಜವಾಗಿಯೂ ಕೇಳಿಸುತ್ತಿದೆ ಅಂತ ನಂಬಬಹುದು. ಎಂಟು ಒಂಬತ್ತು ಬಂದರೆ ಅದು ಊಹೆ. ಸುಸ್ತಾದಾಗ ಮಾಡಬೇಡಿ. ಬೆಳಗ್ಗೆ, ಮನೆ ಶಾಂತವಾಗಿರುವಾಗ ಕೂತರೆ ಒಳ್ಳೆಯದು.

ಸಿಡಿಯ ಅಂಚಿಗೆ ಹಸಿರು ಬಣ್ಣ ಹಚ್ಚಿದರೆ, ಫ್ರೀಜರ್‌ನಲ್ಲಿಟ್ಟರೆ ಸದ್ದು ಸುಧಾರಿಸುತ್ತಾ?

ಇಲ್ಲ.

ದುಡ್ಡು ಒಂದೇ ಕಡೆ ಹಾಕಬಹುದು ಅಂದ್ರೆ, ಡಿಸ್ಕ್‌ಗಾ, ಉಪಕರಣಕ್ಕಾ?

ಸ್ಪೀಕರ್‌ಗೆ, ಇಲ್ಲವಾದರೆ ಒಳ್ಳೆಯ ಹೆಡ್‌ಫೋನ್‌ಗೆ. ಸ್ಪೀಕರ್ ಬದಲಾದರೆ ನಿಮ್ಮ ಹತ್ತಿರ ಇರುವ ಪ್ರತಿ ಡಿಸ್ಕೂ ಬದಲಾಗುತ್ತದೆ. ಅದಕ್ಕೂ ಮುಂಚೆ, ಒಂದು ಪೈಸೆ ಖರ್ಚಿಲ್ಲದೆ, ಸ್ಪೀಕರ್‌ಗಳನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆದು, ನೀವು ಕೂರುವ ಜಾಗಕ್ಕೂ ಎರಡು ಸ್ಪೀಕರ್‌ಗೂ ಸಮ ಅಂತರ ಬರುವ ಹಾಗೆ ಇಡಿ. ಬೋಳು ನೆಲಕ್ಕೆ ದಪ್ಪನೆಯ ಜಮಖಾನೆ ಹಾಸಿ. ಎಸ್‌ಎಚ್‌ಎಂ-ಸಿಡಿ ಕೊಡುತ್ತೇನೆ ಅಂದ ಸ್ಪಷ್ಟತೆ ಇಲ್ಲಿ ಸಿಗುತ್ತದೆ.

ಕೊಳ್ಳುವ ಮೊದಲು ಕವರ್ ಮೇಲೆ ಏನು ನೋಡಬೇಕು?

ಮಾಸ್ಟರಿಂಗ್ ಎಂಜಿನಿಯರ್ ಹೆಸರು ಮೊದಲು. ಹೆಸರೇ ಇಲ್ಲದಿದ್ದರೆ ನಾನು ಅನುಮಾನ ಪಡುತ್ತೇನೆ, ಚೆನ್ನಾಗಿ ಮಾಡಿದವರು ಹೆಸರು ಹಾಕಿಯೇ ಹಾಕುತ್ತಾರೆ. ಯಾವ ವರ್ಷದ ಮಾಸ್ಟರಿಂಗ್, ಯಾವ ಟೇಪು ಅಂತಲೂ ನೋಡಿ. ಮೂಲ ಅನಲಾಗ್ ಮಾಸ್ಟರ್ ಟೇಪಿನಿಂದ ಅನ್ನುವುದಕ್ಕೂ, ಅತ್ಯುತ್ತಮ ಮೂಲಗಳಿಂದ ಅನ್ನುವುದಕ್ಕೂ ಬಹಳ ದೂರ ಇದೆ. ಎರಡನೆಯದು ಏನನ್ನೂ ಹೇಳುವುದಿಲ್ಲ. ಬರೀ ಡಿಸ್ಕಿನ ಸಾಮಗ್ರಿ ಬಗ್ಗೆಯೇ ಪುಟ ತುಂಬಿಸಿದ್ದರೆ ಒಳಗಿರುವುದು ಬಹುಶಃ ಹಳೆಯ ಮಾಸ್ಟರೇ.

ಡಿಆರ್ ಅನ್ನುವ ಅಂಕಿಯನ್ನೂ ಹುಡುಕಿ ನೋಡಬಹುದು. ಮೆಲುದನಿ ಜೋರುದನಿಯ ಅಂತರವನ್ನು ಅದು ತೋರಿಸುತ್ತದೆ. 5, 6 ಇದ್ದರೆ ಬಹಳ ಒತ್ತಿದ್ದಾರೆ, 12ರ ಮೇಲಿದ್ದರೆ ಉಸಿರಾಡಲು ಜಾಗ ಬಿಟ್ಟಿದ್ದಾರೆ ಅಂತ ಅರ್ಥ. ಎಲ್‌ಪಿಯಿಂದ ಅಳೆದ ಅಂಕಿಯನ್ನು ಮಾತ್ರ ಸಿಡಿಯ ಅಂಕಿಯ ಜೊತೆ ಹೋಲಿಸಬೇಡಿ. ಎಲ್‌ಪಿಯಲ್ಲಿ ಆ ಅಂಕಿ ತಾನಾಗಿಯೇ ಜಾಸ್ತಿ ಬರುತ್ತದೆ.

ಈಗಾಗಲೇ ಒಂದು ಕಪಾಟು ತುಂಬ ಕೊಂಡಾಗಿದೆ. ಮೋಸ ಹೋದೆನಾ?

ಹಾಗೆ ಯಾಕೆ ಅಂದುಕೊಳ್ಳಬೇಕು? ಅವೆಲ್ಲ ಒಳ್ಳೆಯ ಸಿಡಿಗಳೇ. ಜಪಾನಿನ ಆವೃತ್ತಿಗಳಲ್ಲಿ ಬರುವ ಪುಟ್ಟ ರಟ್ಟಿನ ಕವರ್‌ಗಳು, ಹಳೆ ಎಲ್‌ಪಿಯದ್ದೇ ಚಿಕ್ಕ ನಕಲು, ಕೈಯಲ್ಲಿ ಹಿಡಿದರೆ ಖುಷಿಯಾಗುತ್ತದೆ. ಹಾಡಿನ ಸಾಹಿತ್ಯ, ಚಿತ್ರ, ಬರಹ ಇರುವ ಪುಸ್ತಿಕೆಗಾಗಿಯೇ ನಾನೂ ಕೆಲವನ್ನು ಕೊಂಡಿದ್ದೇನೆ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತ ಗೊತ್ತಿದ್ದರೆ ಸಾಕು.

ಬಹಳ ವರ್ಷ ಉಳಿಯಬೇಕಾದರೆ ಹೇಗೆ ಇಡಬೇಕು?

ನಿಲ್ಲಿಸಿ ಇಡಿ, ಬಿಸಿಲು ತೇವ ತಾಗದಿರಲಿ. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ, ಸುತ್ತ ತಿರುಗಿಸಿ ಉಜ್ಜಬೇಡಿ. ಮಾಹಿತಿ ಇರುವುದು ಸುತ್ತುದಾರಿಯಲ್ಲಿ. ಅಡ್ಡಗೀರನ್ನು ಪ್ಲೇಯರ್ ಸುಲಭವಾಗಿ ದಾಟುತ್ತದೆ, ದಾರಿಯುದ್ದಕ್ಕೂ ಬಿದ್ದ ಗೀರನ್ನು ದಾಟುವುದು ಕಷ್ಟ. ಎಲ್ಲರೂ ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತಾರೆ. ಆದರೆ ನಿಜವಾಗಿ ನಾಜೂಕಾದದ್ದು ಲೇಬಲ್ ಇರುವ ಬದಿ. ಲೋಹದ ಪದರ ಅದರ ಕೆಳಗೇ ಇದೆ, ಮೇಲೆ ತೆಳ್ಳನೆಯ ಮೆರುಗು ಮಾತ್ರ. ಹೊಳೆಯುವ ಬದಿಯ ಗೀರನ್ನು ಪಾಲಿಶ್ ಮಾಡಿ ಎಷ್ಟೋ ಸಲ ಸರಿಪಡಿಸಬಹುದು. ಲೇಬಲ್ ಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಹೆಸರು ಬರೆದರೆ ಆ ಜಾಗದ ಹಾಡು ಹೋದ ಹಾಗೇ. ಕೊಂಡ ದಿನವೇ ಒಂದು ಸಲ ರಿಪ್ ಮಾಡಿ, ಸದ್ದಿನ ಮಾಹಿತಿ ಏನೂ ಕಳೆಯದೆ ಫೈಲನ್ನು ಚಿಕ್ಕದಾಗಿಸುವ ಫ್ಲ್ಯಾಕ್ ರೂಪದಲ್ಲಿ ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಬಿಡಿ.